ಮೂರು ಬೆರಳಿನ ಜಾಗ



ಈ ದತ್ತಿ ಉಪನ್ಯಾಸಕ್ಕೆ ಕರೆಯಲು ಬಂದವರು ನನ್ನಲ್ಲಿ ಒಂದೇ ಮಾತು ಕೇಳಿಕೊಂಡರು: "ಕ್ಯಾನ್ಸರ್ ಬಗ್ಗೆ ಹೇಳಿ, ಆದರೆ ಹೆದರಿಸಬೇಡಿ." ನಾನು ಬಾಯಿ ಮತ್ತು ದವಡೆಯ ಶಸ್ತ್ರಚಿಕಿತ್ಸಕ. ಹೆದರಿಸುವ ಚಿತ್ರಗಳು ನನ್ನ ಬಳಿ ಬೇಕಾದಷ್ಟಿವೆ. ಒಂದನ್ನೂ ತಂದಿಲ್ಲ. ತಂಬಾಕಿನ ಪೊಟ್ಟಣದ ಮೇಲೆಯೇ ಅಂಥ ಚಿತ್ರ ಅಚ್ಚಾಗಿ ಬರುತ್ತದೆ. ಅದನ್ನು ನೋಡುತ್ತಲೇ ಹರಿದು ಬಾಯಿಗೆ ಸುರಿದುಕೊಳ್ಳುವವರಿಗೆ ನನ್ನ ಚಿತ್ರದಿಂದ ಹೊಸದಾಗಿ ಏನೂ ಆಗುವುದಿಲ್ಲ.

ಇನ್ನೊಂದು ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಅಡಿಕೆ ಬೆಳೆಗಾರರ ಮನೆಯವನು. ನನ್ನ ಕಾಲೇಜಿನ ಶುಲ್ಕ, ಹಾಸ್ಟೆಲ್ಲಿನ ಊಟ, ಮೊದಲ ಬಿಳಿ ಕೋಟು ಎಲ್ಲವೂ ಕೆಂಪಡಿಕೆ ಮಾರಿದ ದುಡ್ಡಿನಿಂದ ಬಂದವು. ಇವತ್ತು ನಾನು ಆಡುವ ಕೆಲವು ಮಾತು ಆ ಋಣಕ್ಕೆ ಎದುರು ನಿಲ್ಲುತ್ತದೆ. ಅದರ ಸಂಕೋಚ ನನಗಿದೆ.

ಮಾತಿನ ದಾರಿ ಹೀಗಿದೆ. ಅಭ್ಯಾಸಕ್ಕೂ ಕ್ಯಾನ್ಸರಿಗೂ ನಂಟು ಇದೆಯೆಂದು ತಿಳಿದದ್ದು ಹೇಗೆ ಎಂಬುದು ಮೊದಲು. ಆಮೇಲೆ ನಮ್ಮ ಎಲೆಯಡಿಕೆಯ ಕವಳ, ಹೊಗೆಸೊಪ್ಪು, ಪೊಟ್ಟಣಗಳ ವಿಚಾರ. ಅಲ್ಲಿಂದ ಹೆಂಡ, ಅಡುಗೆಮನೆ, ಹೊಟ್ಟೆಯ ಸುತ್ತಳತೆ. ಕೊನೆಗೆ ಲಸಿಕೆ ಮತ್ತು ತಪಾಸಣೆ. ಹೊತ್ತನ್ನು ಸಮನಾಗಿ ಹಂಚುವವನಲ್ಲ ನಾನು. ಎರಡನೆಯ ಭಾಗವೇ ಅರ್ಧ ಹೊತ್ತು ತೆಗೆದುಕೊಳ್ಳುತ್ತದೆ. ಕಷಾಯ, ಪುಡಿ, ಒಣಹಣ್ಣುಗಳ ಬಗ್ಗೆ ಮಾತಾಡುವುದಿಲ್ಲ. ಒಂದೇ ಪದಾರ್ಥದ ಹೆಸರು ಹೇಳಿ, ಇದು ಕ್ಯಾನ್ಸರನ್ನು ದೂರ ಇಡುತ್ತದೆ ಎಂದು ಮಾರುವವರು ಕಂಡರೆ ನಿಮ್ಮ ಪರ್ಸನ್ನು ಅವರಿಂದ ದೂರ ಇಡಿ. ಅಷ್ಟು ಸಾಕು.

ಮೊದಲನೆಯದಕ್ಕೆ ಬರೋಣ. 1775ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ ಒಂದು ಸಂಗತಿಯನ್ನು ಬರೆದಿಟ್ಟರು. ಮನೆಗಳ ಹೊಗೆಗೂಡಿನೊಳಗೆ ಇಳಿದು ಮಸಿ ಕೆರೆಯುತ್ತಿದ್ದ ಹುಡುಗರಿಗೆ ದೊಡ್ಡವರಾದ ಮೇಲೆ ವೃಷಣದ ಚರ್ಮದಲ್ಲಿ ಕ್ಯಾನ್ಸರ್ ಬರುತ್ತಿತ್ತು. ಮಸಿ ಕೂತದ್ದು ಬಾಲ್ಯದಲ್ಲಿ, ಹುಣ್ಣು ಎದ್ದದ್ದು ವರ್ಷಗಳು ಕಳೆದ ಮೇಲೆ. ಈ ವಿಳಂಬವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ನಮ್ಮ ದೇಶದಲ್ಲೂ ಇಂಥ ಪಾಠಗಳಿವೆ. ಕಾಶ್ಮೀರದ ಚಳಿಗೆ ಜನ ಕೆಂಡ ತುಂಬಿದ ಕಾಂಗ್ಡಿಯನ್ನು ನಿಲುವಂಗಿಯೊಳಗೆ ಇಟ್ಟುಕೊಳ್ಳುತ್ತಾರೆ. ಅಲ್ಲಿ ಹೊಟ್ಟೆಯ ಮತ್ತು ತೊಡೆಯ ಚರ್ಮದಲ್ಲಿ ಕ್ಯಾನ್ಸರ್ ಕಂಡಿತು. ಆಂಧ್ರದ ಶ್ರೀಕಾಕುಳಂ ಕಡೆ ಹೆಂಗಸರು ಚುಟ್ಟಾವನ್ನು ತಿರುಗಿಸಿ, ಉರಿಯುವ ತುದಿಯನ್ನೇ ಬಾಯೊಳಗೆ ಇಟ್ಟು ಸೇದುತ್ತಾರೆ. ಅಲ್ಲಿ ಅಂಗುಳಿನಲ್ಲಿ ಕಂಡಿತು. 1933ರಲ್ಲಿ ತಿರುವಾಂಕೂರಿನಲ್ಲಿ ಕೆಲಸ ಮಾಡುತ್ತಿದ್ದ ಓರ್ ಎಂಬ ವೈದ್ಯರು ಎಲೆಯಡಿಕೆ ಹಾಕುವವರ ಬಾಯಿಯ ಕ್ಯಾನ್ಸರ್ ಕುರಿತು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಮಸಿ ಕೂತಲ್ಲಿ, ಕೆಂಡ ತಾಗಿದಲ್ಲಿ, ಕವಳ ಒತ್ತರಿಸಿಟ್ಟಲ್ಲಿ ಹುಣ್ಣು. ನನ್ನ ಕೆಲಸದಲ್ಲೂ ಇದೇ ಅನುಭವ. ರೋಗಿ ಬಾಯಿ ತೆರೆಯುವ ಮೊದಲೇ "ಯಾವ ಕಡೆ ಇಟ್ಟುಕೊಳ್ಳುತ್ತಿದ್ದಿರಿ?" ಎಂದು ಕೇಳುತ್ತಿದ್ದೆ. ಬಲಗೆನ್ನೆ ಎಂದರೆ ಟಾರ್ಚನ್ನು ಮೊದಲು ಬಲಗಡೆಗೇ ಹಿಡಿಯುತ್ತಿದ್ದೆ. ಆ ಲೆಕ್ಕ ತಪ್ಪಿದ್ದು ಕಡಿಮೆ.

ಇಲ್ಲಿ ಒಂದು ಎಚ್ಚರಿಕೆ. ಅಭ್ಯಾಸ ಬದಲಿಸಿದರೆ ಮತ್ತು ಈಗ ತಿಳಿದಿರುವ ಉಪಾಯಗಳನ್ನು ಬಳಸಿದರೆ ಕ್ಯಾನ್ಸರುಗಳಲ್ಲಿ ನೂರಕ್ಕೆ 30ರಿಂದ 50ರಷ್ಟನ್ನು ತಡೆಯಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಉಳಿದ ಅರ್ಧ ಅಥವಾ ಅದಕ್ಕೂ ಹೆಚ್ಚು ಯಾರ ತಪ್ಪೂ ಇಲ್ಲದೆ ಬರುವಂಥದು. ಆದ್ದರಿಂದ ಕ್ಯಾನ್ಸರ್ ಬಂದವರ ಮನೆಗೆ ಹೋದಾಗ "ಏನು ತಿಂತಿದ್ರು, ಏನು ಚಟ ಇತ್ತು" ಎಂದು ವಿಚಾರಣೆ ಮಾಡಬೇಡಿ. ಇವತ್ತಿನ ಮಾತು ರೋಗ ಬರುವ ಮೊದಲಿನ ದಿನಗಳಿಗೆ ಸೇರಿದ್ದು.

ಈಗ ಎರಡನೆಯ ಭಾಗ. ಎಲ್ಲರೂ ನಿಮ್ಮ ಬಲಗೈಯ ತೋರು, ನಡು, ಉಂಗುರ, ಈ ಮೂರು ಬೆರಳನ್ನು ಜೋಡಿಸಿ. ಒಂದರ ಮೇಲೊಂದು ಬರುವಂತೆ ಅಡ್ಡ ತಿರುಗಿಸಿ ಮೇಲಿನ ಮತ್ತು ಕೆಳಗಿನ ಮುಂಬಲ್ಲುಗಳ ನಡುವೆ ಇಟ್ಟು ನೋಡಿ. ನಾಚಿಕೊಳ್ಳಬೇಡಿ, ಇಲ್ಲಿನ ಪ್ರಾಚಾರ್ಯರೂ ಇಟ್ಟು ನೋಡುತ್ತಿದ್ದಾರೆ. ಮೂರೂ ಬೆರಳು ಹಿಡಿಸಿದರೆ ಬಾಯಿ ಸರಿಯಾಗಿ ತೆರೆಯುತ್ತಿದೆ ಎಂದು ಲೆಕ್ಕ.

ಒಬ್ಬ ಹುಡುಗ ನೆನಪಾಗುತ್ತಾನೆ. ವಯಸ್ಸು ಇಪ್ಪತ್ತೆರಡೋ ಇಪ್ಪತ್ತಮೂರೋ. ಬೀಡಿ ಇಲ್ಲ, ಕುಡಿತ ಇಲ್ಲ, ಹೊಗೆಸೊಪ್ಪನ್ನು ಮುಟ್ಟಿದವನಲ್ಲ. "ಅಮ್ಮ ಮಾಡಿದ ಸಾರು ಬಾಯಿಗೆ ಇಟ್ರೆ ಉರೀತದೆ ಡಾಕ್ಟ್ರೇ" ಎಂದ. ಪಕ್ಕದಲ್ಲಿದ್ದ ತಾಯಿ, "ನನ್ನ ಕೈಯಲ್ಲೇ ಖಾರ ಹೆಚ್ಚಾಯ್ತೇನೋ ಅಂತ ಆರು ತಿಂಗಳಿಂದ ಮೆಣಸು ಕಡಿಮೆ ಮಾಡ್ತಾನೇ ಬಂದೆ. ಈಗ ಮೊಸರನ್ನ ಬಿಟ್ರೆ ಏನೂ ಉಣ್ಣೂದಿಲ್ಲ" ಎಂದರು. ಅವನ ಬಾಯಲ್ಲಿ ಒಂದೂವರೆ ಬೆರಳಷ್ಟೇ ಹಿಡಿಸಿತು. ಕೆನ್ನೆಯ ಒಳಭಾಗ ಮುಟ್ಟಿದರೆ ಒಣಗಿದ ಹಾಳೆಯಂತೆ ಬಿರುಸು, ಬಣ್ಣ ಬಿಳುಚಿಕೊಂಡಿತ್ತು. ಜೇಬಿನಲ್ಲಿ ಪಾನ್ ಮಸಾಲಾದ ನಾಲ್ಕು ಪೊಟ್ಟಣ ಇದ್ದವು. "ಇದರಲ್ಲಿ ತಂಬಾಕಿಲ್ಲ, ಪ್ಯಾಕೆಟ್ ಮೇಲೇ ಬರ್ದಿದಾರೆ" ಎಂದು ತಾಯಿಗೆ ಕೇಳಿಸುವಂತೆ ಹೇಳಿದ. ಅವನು ಹೇಳಿದ್ದು ನಿಜವೇ. ಅದರಲ್ಲಿ ಇದ್ದದ್ದು ಅಡಿಕೆ.

ಅಡಿಕೆಯಲ್ಲಿ ಅರೆಕೋಲಿನ್ ಎಂಬ ಕ್ಷಾರವಸ್ತು ಇದೆ. ಕವಳ ಹಾಕಿದಾಗ ಮೈ ಬಿಸಿಯಾಗಿ ಮನಸ್ಸು ಚುರುಕಾಗುವುದು ಅದರಿಂದ. ಕೆನ್ನೆಯ ಒಳಪದರದ ಕೆಳಗಿರುವ ನಾರನ್ನು ಹೆಚ್ಚಿಸುವುದೂ ಅದೇ. ಮೆತ್ತಗಿರಬೇಕಾದ ಪದರ ನಾರುಗಟ್ಟುತ್ತದೆ, ಬಾಯಿ ವರ್ಷದಿಂದ ವರ್ಷಕ್ಕೆ ಬಿಗಿಯುತ್ತದೆ. ಅಡಿಕೆ ಬಿಟ್ಟರೆ ಬಿಗಿತ ಮುಂದುವರಿಯುವುದು ತಗ್ಗುತ್ತದೆ, ಆದರೆ ಕಟ್ಟಿದ ನಾರು ಪೂರ್ತಿ ಕರಗುವುದಿಲ್ಲ. ಈ ಸ್ಥಿತಿ ಕ್ಯಾನ್ಸರ್ ಅಲ್ಲ, ಅದರ ಹೊಸ್ತಿಲು. ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಇಂಥ 66 ಜನರನ್ನು 17 ವರ್ಷ ಗಮನಿಸಿದಾಗ 5 ಮಂದಿಗೆ ಕ್ಯಾನ್ಸರ್ ಬಂತು.

"ಹೊಗೆಸೊಪ್ಪಿನಿಂದ ತೊಂದರೆ, ಅಡಿಕೆಯಿಂದ ಅಲ್ಲ" ಎಂಬ ಮಾತು ನಮ್ಮ ಕಡೆ ಬಲವಾಗಿದೆ. ಒಂದು ಕಾಲಕ್ಕೆ ವಿಜ್ಞಾನಿಗಳ ತೀರ್ಮಾನವೂ ಹೆಚ್ಚುಕಡಿಮೆ ಹಾಗೆಯೇ ಇತ್ತು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1985ರಲ್ಲಿ ಹೊಗೆಸೊಪ್ಪು ಸೇರಿದ ಕವಳವನ್ನು ಮಾತ್ರ ಕ್ಯಾನ್ಸರ್‌ಕಾರಕ ಎಂದಿತು; ಬರಿಯ ಎಲೆಯಡಿಕೆಯ ಬಗ್ಗೆ ಸಾಕ್ಷ್ಯ ಸಾಲದು ಎಂದಿತು. ತೈವಾನಿನಲ್ಲಿ ಜನ ಹೊಗೆಸೊಪ್ಪಿಲ್ಲದೆ ಹಸಿ ಅಡಿಕೆ ಅಗಿಯುತ್ತಾರೆ. ಅಲ್ಲಿಯೂ ಬಾಯಿಯ ಕ್ಯಾನ್ಸರ್ ಹೆಚ್ಚೇ ಇತ್ತು. ಅಂಥ ಮಾಹಿತಿ ಕೂಡಿಬಂದ ಮೇಲೆ 2004ರಲ್ಲಿ ಅದೇ ಸಂಸ್ಥೆ ಹೊಗೆಸೊಪ್ಪಿಲ್ಲದ ಕವಳವನ್ನೂ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಹೊಗೆಸೊಪ್ಪು ಜೊತೆಗೂಡಿದರೆ ಅಪಾಯ ಇನ್ನೂ ಹೆಚ್ಚು. ಸುಣ್ಣ ಬಾಯಿಯ ಕ್ಷಾರಗುಣವನ್ನು ಏರಿಸಿ ನಿಕೋಟಿನ್ ಬೇಗ ರಕ್ತಕ್ಕೆ ಇಳಿಯುವಂತೆ ಮಾಡುತ್ತದೆ. ಅದಕ್ಕೇ ಬಳಸಿದವರಿಗೆ ಸುಣ್ಣವಿಲ್ಲದ ಹೊಗೆಸೊಪ್ಪು ಸಪ್ಪೆ.

2022ರ ಅಂದಾಜಿನಂತೆ ಭಾರತದಲ್ಲಿ ಆ ಒಂದು ವರ್ಷ ಸುಮಾರು 14 ಲಕ್ಷ ಜನರಿಗೆ ಹೊಸದಾಗಿ ಕ್ಯಾನ್ಸರ್ ಕಂಡಿತು. ಅದರಲ್ಲಿ ತುಟಿ ಮತ್ತು ಬಾಯಿಯದೇ 1.4 ಲಕ್ಷಕ್ಕೂ ಹೆಚ್ಚು. ಜಗತ್ತಿನಲ್ಲಿ ಹೀಗೆ ಬಾಯಿಯ ಕ್ಯಾನ್ಸರ್ ಬರುವ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ನಮ್ಮವರು. 2016-17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಸೇದುವವರು ಶೇ. 10.7, ಹೊಗೆಯಿಲ್ಲದ ತಂಬಾಕು ಬಳಸುವವರು ಶೇ. 21.4. ಈ ಎರಡು ಅಂಕಿಯನ್ನು ಪಕ್ಕಪಕ್ಕ ಇಟ್ಟರೆ ಬಾಯಿಯೇ ಏಕೆ ಎಂಬುದು ತಿಳಿಯುತ್ತದೆ.

ಕಾನೂನು ಸುಮ್ಮನೆ ಕೂತಿಲ್ಲ. ಆಹಾರದಲ್ಲಿ ತಂಬಾಕು ಸೇರಿಸಬಾರದೆಂಬ 2011ರ ನಿಯಮ ಬಂದ ಮೇಲೆ ರಾಜ್ಯಗಳು ಗುಟ್ಕಾ ನಿಷೇಧಿಸುತ್ತ ಬಂದವು. ಕರ್ನಾಟಕದಲ್ಲಿ 2013ರಲ್ಲಿ ನಿಷೇಧ ಆಯಿತು. ಆಮೇಲೆ ಆದದ್ದನ್ನು ನೀವೆಲ್ಲ ಅಂಗಡಿಯ ಮುಂದೆ ನಿಂತು ನೋಡಿದ್ದೀರಿ. ಮಸಾಲಾದ ಪೊಟ್ಟಣ ಒಂದು, ತಂಬಾಕಿನ ಪೊಟ್ಟಣ ಇನ್ನೊಂದು. ಅಂಗಡಿಯವನು ಎರಡನ್ನೂ ಹರಿದು ಕೊಡುತ್ತಾನೆ, ಗಿರಾಕಿ ಅಂಗೈಯಲ್ಲೋ ಬಾಯಲ್ಲೋ ಕೂಡಿಸಿಕೊಳ್ಳುತ್ತಾನೆ. ಕಾನೂನು ಕಾರ್ಖಾನೆಯಲ್ಲಿ ಬೆರೆಸುವುದನ್ನು ನಿಲ್ಲಿಸಿತು, ಬೆರೆಸುವ ಕೆಲಸ ನಮ್ಮ ಹುಡುಗರ ಕೈಗೆ ಬಂತು.

ಈಗ ನಿಮ್ಮ ಮನಸ್ಸಿನಲ್ಲಿರುವ ಮಾತು. "ನಮ್ಮಜ್ಜ ತೊಂಬತ್ತು ವರ್ಷ ಬದುಕಿದರು, ದಿನಕ್ಕೆ ಹತ್ತು ಕವಳ ಹಾಕುತ್ತಿದ್ದರು, ಏನೂ ಆಗಲಿಲ್ಲ." ನಮ್ಮ ಮನೆಯಲ್ಲೂ ಅಂಥ ಅಜ್ಜ ಇದ್ದರು. ಇದಕ್ಕೆ ಉತ್ತರವನ್ನು ಆಸ್ಪತ್ರೆಯಲ್ಲಿ ಹುಡುಕುವುದಕ್ಕಿಂತ ತೋಟದಲ್ಲಿ ಹುಡುಕುವುದು ಸುಲಭ. ಮಳೆಗಾಲ ಹಿಡಿಯುವ ಮೊದಲು ನೀವು ಅಡಿಕೆಗೆ ಕೊಳೆರೋಗ ಬರದಂತೆ ಕೊಳೆಮದ್ದು ಹೊಡೆಸುತ್ತೀರಿ. ಮೈಲುತುತ್ತು ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರ್. ತಿಂಗಳು ಒಂದೂವರೆ ತಿಂಗಳಿಗೆ ಮತ್ತೊಮ್ಮೆ. ಮರ ಹತ್ತುವ ಕೊನೆಗೌಡ ಸಿಗದೆ ಒದ್ದಾಡುತ್ತೀರಿ, ಕೇಳಿದಷ್ಟು ಕೂಲಿ ಕೊಡುತ್ತೀರಿ. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೆ ಈ ದಾರಿ ತೋರಿಸುವ ಮೊದಲು ನಮ್ಮ ಹಿರಿಯರು ಮಳೆ ತಾಗದಂತೆ ಅಡಿಕೆ ಕೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದರು. ಮದ್ದು ಹೊಡೆಯದ ತೋಟಕ್ಕೆಲ್ಲ ಪ್ರತಿ ವರ್ಷ ಕೊಳೆ ಬರುತ್ತದೆಯೇ? ಇಲ್ಲ. ಹೊಡೆದ ತೋಟಕ್ಕೆ ಬರುವುದೇ ಇಲ್ಲವೇ? ಬರುವುದೂ ಉಂಟು. ಆದರೂ "ನಮ್ಮಜ್ಜನ ಕಾಲದಲ್ಲಿ ಒಂದು ವರ್ಷ ಮದ್ದಿಲ್ಲದೆ ಫಸಲು ಚೆನ್ನಾಗಿ ಬಂದಿತ್ತು" ಎಂದು ಯಾರೂ ಮದ್ದು ಬಿಡುವುದಿಲ್ಲ. ತೋಟದ ವಿಷಯದಲ್ಲಿ ಸಂಭವ ಎಂದರೇನು ಎಂಬುದು ನಮಗೆ ಚೆನ್ನಾಗಿ ಗೊತ್ತು. ಬಾಯಿಯ ವಿಷಯಕ್ಕೆ ಬಂದಾಗ ಮಾತ್ರ ಒಬ್ಬ ಅಜ್ಜನನ್ನು ಸಾಕ್ಷಿಗೆ ನಿಲ್ಲಿಸುತ್ತೇವೆ.

ಇನ್ನೂ ಒಂದು ವ್ಯತ್ಯಾಸವಿದೆ. ಅಜ್ಜನ ಕವಳಕ್ಕೆ ಸಿದ್ಧತೆ ಬೇಕಿತ್ತು. ಸಂಚಿ ಬಿಚ್ಚಬೇಕು, ಎಲೆ ಒರೆಸಬೇಕು, ತೊಟ್ಟು ಮುರಿದು ನಾರು ತೆಗೆಯಬೇಕು, ಅಡಕತ್ತರಿಯಲ್ಲಿ ಹೋಳು ಮಾಡಬೇಕು, ಎದುರಿಗೆ ಕೂತವನಿಗೂ ಒಂದು ಮಡಚಿ ಕೊಡಬೇಕು. ಆ ಸಿದ್ಧತೆಯೇ ಒಂದು ಮಿತಿ ಹಾಕುತ್ತಿತ್ತು. ಪೊಟ್ಟಣಕ್ಕೆ ಯಾವ ಸಿದ್ಧತೆಯೂ ಬೇಡ. ಬೈಕು ಓಡಿಸುತ್ತಲೇ ಹಲ್ಲಿನಲ್ಲಿ ಹರಿಯಬಹುದು. ಅಜ್ಜ ಕವಳ ಶುರುಮಾಡಿದ ವಯಸ್ಸಿಗೆ ಮೊಮ್ಮಗನ ಬಾಯಿ ಆಗಲೇ ಬಿಗಿಯತೊಡಗಿರುತ್ತದೆ. ಇದರಿಂದ ಅಜ್ಜನ ಕವಳ ನಿರಪಾಯ ಎಂದಾಗುವುದಿಲ್ಲ. ಪಾಟ್ ಹೇಳಿದ ವಿಳಂಬ ಎಲ್ಲ ಕಡೆಯೂ ಇದೆ.

ತಾಂಬೂಲ ಕೊಡುವ ಪದ್ಧತಿಯ ಮೇಲೆ ನನಗೆ ತಕರಾರಿಲ್ಲ. ನಿಶ್ಚಿತಾರ್ಥದಲ್ಲಿ ತಾಂಬೂಲ ಬದಲಾಯಿಸಿಕೊಳ್ಳಲಿ, ಮುತ್ತೈದೆಯರಿಗೆ ಎಲೆಯಡಿಕೆ ಕೊಡಲಿ, ದೇವರ ಮುಂದೆ ಇಡಲಿ. ಕೈಯಿಂದ ಕೈಗೆ ಹೋಗುವ ಅಡಿಕೆ ಯಾರಿಗೂ ಏನೂ ಮಾಡುವುದಿಲ್ಲ. ಕೆನ್ನೆಯಲ್ಲಿ ದಿನಾ ಕೂರುವ ಅಡಿಕೆಯ ಬಗ್ಗೆ ನನ್ನ ಮಾತು. "ಹಾಗಾದರೆ ಬೆಳೆಗಾರರ ಗತಿ?" ಎಂದು ಕೇಳುತ್ತೀರಿ. ಕೆಂಪಡಿಕೆಯ ಬೆಲೆ ಮಸಾಲಾ ಕಾರ್ಖಾನೆಗಳ ಬೇಡಿಕೆಗೆ ಜೋತುಬಿದ್ದಿದೆ, ಇದನ್ನು ನಾನು ನಿಮಗೆ ಹೇಳಿಕೊಡಬೇಕಿಲ್ಲ. ಕಾಳುಮೆಣಸು, ಏಲಕ್ಕಿ, ಬಾಳೆ, ಕೋಕೋ ತೋಟದೊಳಗೇ ಇವೆ, ಆದರೆ ಅಡಿಕೆಯ ಹಾಗೆ ವರ್ಷವಿಡೀ ಮನೆ ನಡೆಸುವ ಬೆಳೆ ಅವು ಯಾವುವೂ ಅಲ್ಲ. ಈ ಗಂಟನ್ನು ಬಿಚ್ಚುವುದು ಒಬ್ಬ ವೈದ್ಯನ ಕೈಯಲ್ಲಿ ಆಗುವ ಕೆಲಸವಲ್ಲ. ಬೆಳೆಯ ಪ್ರಶ್ನೆ ಬಗೆಹರಿಯುವವರೆಗೆ ಬಾಯಿಯ ಪ್ರಶ್ನೆಯನ್ನು ಮುಂದೂಡಿ ಎಂದು ಮಾತ್ರ ಕೇಳಬೇಡಿ.

ಬಿಡುವುದರಿಂದ ಲಾಭವೆಷ್ಟು? ಸೇದುವವರ ಲೆಕ್ಕ ಚೆನ್ನಾಗಿ ಸಿಕ್ಕಿದೆ. ಬ್ರಿಟನ್ನಿನಲ್ಲಿ ರಿಚರ್ಡ್ ಡಾಲ್ ಮತ್ತು ಸಂಗಡಿಗರು 1951ರಿಂದ ಐವತ್ತು ವರ್ಷ ವೈದ್ಯರನ್ನೇ ಗಮನಿಸುತ್ತ ಹೋದರು. ಸೇದುವುದನ್ನು 60ರಲ್ಲಿ ಬಿಟ್ಟವರಿಗೆ ಸುಮಾರು 3 ವರ್ಷ, 50ರಲ್ಲಿ ಬಿಟ್ಟವರಿಗೆ 6, 40ರಲ್ಲಿ 9, 30ರಲ್ಲಿ 10 ವರ್ಷ ಆಯಸ್ಸು ಉಳಿಯಿತು. ಅರವತ್ತಾಯಿತು, ಇನ್ನೇನು ಬಿಡುವುದು ಎನ್ನುವವರು ಆ ಮೂರು ವರ್ಷವನ್ನು ಯಾವ ವೈದ್ಯನಿಂದ ಕೊಂಡುಕೊಳ್ಳುತ್ತಾರೆ? ಅಗಿಯುವವರ ವಿಷಯದಲ್ಲೂ ಕೇರಳದ ಹಳ್ಳಿಗಳಲ್ಲಿ ವರ್ಷ ವರ್ಷ ಮನೆಗೆ ಹೋಗಿ ಬಿಡಿಸಲು ಯತ್ನಿಸಿದಾಗ ಬಾಯಿಯಲ್ಲಿ ಹೊಸ ಬಿಳಿ ಮಚ್ಚೆಗಳು ಏಳುವುದು ಕಡಿಮೆಯಾಯಿತು. ಬಿಡುವುದು ಸುಲಭ ಎಂದು ನಾನು ಹೇಳುವುದಿಲ್ಲ. ಮೊದಲ ಎರಡು ಮೂರು ವಾರ ಸಿಡುಕು, ನಿದ್ದೆಗೇಡು, ಬಾಯಿ ಬರಿದು ಬರಿದು. ಸಂಚಿಯಲ್ಲಿ ಲವಂಗ, ಏಲಕ್ಕಿ, ಸೋಂಪು ತುಂಬಿಕೊಂಡು ಗೆದ್ದವರನ್ನು ಕಂಡಿದ್ದೇನೆ. 1800-11-2356 ಎಂಬ ಉಚಿತ ಸಹಾಯವಾಣಿ ಇದೆ. ಆ ಸಂಖ್ಯೆಯೂ ತಂಬಾಕಿನ ಪೊಟ್ಟಣದ ಮೇಲೆಯೇ ಅಚ್ಚಾಗಿರುತ್ತದೆ.

ಮೂರನೆಯ ಭಾಗವನ್ನು ಬೇಗ ಬೇಗ ಹೇಳುತ್ತೇನೆ. ಮದ್ಯ 1988ರಿಂದಲೇ ಕ್ಯಾನ್ಸರ್ ತರುವ ವಸ್ತುಗಳ ಅದೇ ಮೊದಲ ಗುಂಪಿನಲ್ಲಿದೆ. ಮೈಯೊಳಗೆ ಅದು ಅಸಿಟಾಲ್ಡಿಹೈಡ್ ಆಗಿ ಜೀವಕೋಶದ ವರ್ಣತಂತುಗಳನ್ನು ಕೆಡಿಸುತ್ತದೆ. ಬಾಯಿ, ಗಂಟಲು, ಅನ್ನನಾಳ, ಯಕೃತ್ತು, ದೊಡ್ಡಕರುಳು, ಹೆಂಗಸರಲ್ಲಿ ಸ್ತನ, ಎಲ್ಲಕ್ಕೂ ಅದರ ಕೈ ತಾಗುತ್ತದೆ. ತಂಬಾಕೂ ಮದ್ಯವೂ ಸೇರಿದರೆ ಅಪಾಯ ಕೂಡುವುದಿಲ್ಲ, ಗುಣಿಸುತ್ತದೆ. ದುಬಾರಿ ಬಾಟಲಿಗೆ ಇದರಲ್ಲಿ ರಿಯಾಯಿತಿ ಇಲ್ಲ.

ಅಡುಗೆಮನೆಯಲ್ಲಿ ನಮ್ಮ ಮಲೆನಾಡಿಗೆ ತೀರ ಹತ್ತಿರದ ಶತ್ರು ಬೂಷ್ಟು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಕಾರಣ ಹುಡುಕುತ್ತ ಹೋದಾಗ ಮೇವಿನಲ್ಲಿದ್ದ ಬೂಷ್ಟು ಹಿಡಿದ ಶೇಂಗಾ ಹಿಂಡಿ ಸಿಕ್ಕಿತು. ಹೀಗೆ ಗೊತ್ತಾದ ವಿಷ ಅಫ್ಲಾಟಾಕ್ಸಿನ್, ಯಕೃತ್ತಿನ ಕ್ಯಾನ್ಸರಿಗೆ ದಾರಿ. ಹುರಿದರೆ, ಬೇಯಿಸಿದರೆ ಪೂರ್ತಿ ಹೋಗುವುದಿಲ್ಲ. ಆಷಾಢದಲ್ಲಿ ಡಬ್ಬಿಯ ತಳದ ಶೇಂಗಾ, ಜೋಳ ಹಸಿರುಗಟ್ಟಿದ್ದರೆ "ಒರೆಸಿ ಹುರಿದರಾಯಿತು" ಎನ್ನಬೇಡಿ, ಎಸೆಯಿರಿ. ದನಕ್ಕೂ ಹಾಕಬೇಡಿ, ಹಾಲಿಗೆ ಬರುತ್ತದೆ. ಇದೇ ಹೊತ್ತಿಗೆ ಬಚ್ಚಲ ಒಲೆಯ ಮಾತು. ಮಳೆಯಲ್ಲಿ ನೆಂದ ಸೌದೆ ಹತ್ತುವುದಿಲ್ಲವೆಂದು ಹಾಲಿನ ಕವರು, ಗೊಬ್ಬರದ ಚೀಲದ ತುಂಡು ಇಟ್ಟು ಬೆಂಕಿ ಹೊತ್ತಿಸುವುದು ಈಗ ಮನೆಮನೆಯ ರೂಢಿ. ಆ ಕಪ್ಪು ಹೊಗೆಯನ್ನು ಮೊದಲು ಕುಡಿಯುವವರು ಒಲೆ ಊದುವ ಹೆಂಗಸರು. ಒಣಗಿದ ಅಡಿಕೆ ಸೋಗೆ ಎರಡು ಹಿಡಿ ಎತ್ತಿಟ್ಟುಕೊಂಡರೆ ಪ್ಲಾಸ್ಟಿಕ್ಕಿನ ಕೆಲಸ ಅದೇ ಮಾಡುತ್ತದೆ.

ತೂಕದ ವಿಷಯ ಕೇಳಿದರೆ ಹಳ್ಳಿಯಲ್ಲಿ ನಗುತ್ತಾರೆ, ಅದು ಪೇಟೆಯವರ ರೋಗ ಎಂದು. 2016ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯೇ ಅತಿ ಬೊಜ್ಜಿಗೂ 13 ಬಗೆಯ ಕ್ಯಾನ್ಸರಿಗೂ ನಂಟು ಗುರುತಿಸಿತು. ಹೊಟ್ಟೆಯ ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಬಾರದು ಎಂಬುದು ನಮ್ಮ ಮೈಕಟ್ಟಿಗೆ ಹೊಂದುವ ಅಳತೆ. ನನ್ನ ಅಪ್ಪ ದಿನಕ್ಕೆ ನಾಲ್ಕು ಸಲ ತೋಟಕ್ಕೆ ಇಳಿದು ಹತ್ತುತ್ತಿದ್ದರು. ಈಗ ನನ್ನ ತಮ್ಮ ತೋಟದ ತಲೆಯವರೆಗೂ ಬೈಕಿನಲ್ಲಿ ಹೋಗುತ್ತಾನೆ, ಸಂಜೆ ಡಾಕ್ಟರು ಹೇಳಿದ್ದಾರೆಂದು ಅಂಗಳದಲ್ಲಿ ಸುತ್ತು ಹಾಕುತ್ತಾನೆ.

ಕೊನೆಯ ಭಾಗಕ್ಕೆ ಬಂದೆ. ಲಸಿಕೆಯನ್ನೂ ಜೀವನಶೈಲಿ ಎಂದು ಯಾರೂ ಕರೆಯುವುದಿಲ್ಲ, ನಾನು ಕರೆಯುತ್ತೇನೆ. ಅದೂ ಮನೆಯಲ್ಲಿ ಕೂತು ಮಾಡುವ ಆಯ್ಕೆಯೇ. ಹೆಪಟೈಟಿಸ್ ಬಿ ಲಸಿಕೆ ಯಕೃತ್ತಿನ ಕ್ಯಾನ್ಸರಿನ ಒಂದು ದಾರಿ ಮುಚ್ಚುತ್ತದೆ. ಮಕ್ಕಳಿಗೆ ಸರ್ಕಾರಿ ಲಸಿಕೆಗಳ ಪಟ್ಟಿಯಲ್ಲೇ ಇದೆ. ಗರ್ಭಕೊರಳಿನ ಕ್ಯಾನ್ಸರಿಗೆ ಎಚ್‌ಪಿವಿ ಎಂಬ ವೈರಾಣು ಕಾರಣ ಎಂದು ತೋರಿಸಿದ ಹರಾಲ್ಡ್ ಝುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಆ ವೈರಾಣುವಿಗೂ ಲಸಿಕೆ ಇದೆ, ಹದಿಹರೆಯದ ಆರಂಭದಲ್ಲಿ ಹಾಕಿಸಿದರೆ ಹೆಚ್ಚು ಫಲ. ಇಲ್ಲಿ ಕೂತಿರುವ ತಾಯಂದಿರಿಗೆ ಆ ವಯಸ್ಸು ದಾಟಿದೆ, ಆದರೆ ತಪಾಸಣೆಗೆ ದಾಟಿಲ್ಲ. ನಮ್ಮ ಗಡಿಗೆ ಹತ್ತಿರದ, ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಯ 1.3 ಲಕ್ಷ ಹೆಂಗಸರಲ್ಲಿ ನಡೆದ ಅಧ್ಯಯನದಲ್ಲಿ ಒಂದೇ ಒಂದು ಸಲದ ಎಚ್‌ಪಿವಿ ಪರೀಕ್ಷೆ ಈ ಕ್ಯಾನ್ಸರಿನ ಸಾವನ್ನು ಅರ್ಧದಷ್ಟಕ್ಕೆ ಇಳಿಸಿತು.

ಬಾಯಿಗಂತೂ ಯಂತ್ರವೇ ಬೇಡ. ತಿರುವನಂತಪುರದಲ್ಲಿ ಆರೋಗ್ಯ ಕಾರ್ಯಕರ್ತರು ಬೆಳಕು ಹಿಡಿದು ಜನರ ಬಾಯಿ ನೋಡುತ್ತ ಹೋದರು. ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿಯ ಕ್ಯಾನ್ಸರಿನ ಸಾವು ಶೇ. 34ರಷ್ಟು ತಗ್ಗಿತು ಎಂದು 2005ರಲ್ಲಿ ವರದಿ ಬಂತು. ಈಗ 30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕೊರಳಿನ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳ ಕೆಲಸಗಳಲ್ಲಿ ಸೇರಿದೆ. ಎರಡು ಮೂರು ವಾರವಾದರೂ ಮಾಯದ ಹುಣ್ಣು, ಒರೆಸಿದರೆ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಖಾರ ತಾಳದ ಬಾಯಿ, ಮೂರು ಬೆರಳು ಹಿಡಿಸದ ಬಾಯಿ, ಇವುಗಳಲ್ಲಿ ಒಂದಿದ್ದರೂ ತೋರಿಸಿ. ನೋವಿಲ್ಲ ಎಂದು ಸುಮ್ಮನಿರಬೇಡಿ. ಶುರುವಿನಲ್ಲಿ ಬಾಯಿಯ ಕ್ಯಾನ್ಸರ್ ಹೆಚ್ಚಾಗಿ ನೋಯುವುದೇ ಇಲ್ಲ.

ಆಗ ಬೆರಳು ಇಟ್ಟು ನೋಡಿದಾಗ ನಾಲ್ಕಾರು ಮಂದಿ ಥಟ್ಟನೆ ಕೈ ಇಳಿಸಿದ್ದನ್ನು ನಾನು ವೇದಿಕೆಯಿಂದ ಕಂಡೆ. ಯಾರೆಂದು ಹೇಳುವುದಿಲ್ಲ. ಸಭಾಂಗಣದ ಎಡಬಾಗಿಲ ಬಳಿ ಇಬ್ಬರು ಯುವ ದಂತವೈದ್ಯರು ಟಾರ್ಚು, ಕನ್ನಡಿ ಇಟ್ಟುಕೊಂಡು ಕೂತಿದ್ದಾರೆ. ಒಬ್ಬೊಬ್ಬರಿಗೆ ಎರಡು ನಿಮಿಷ. ಚಹಾ ಬಲಬಾಗಿಲಲ್ಲಿದೆ, ಆರಿದರೆ ಮತ್ತೆ ಬಿಸಿ ಮಾಡಿಸುತ್ತಾರಂತೆ. ಮೊದಲು ಎಡಗಡೆಗೆ ಬನ್ನಿ. ಬಾಯಲ್ಲಿ ಏನಾದರೂ ಇದ್ದರೆ ಹೊರಗಿನ ನಲ್ಲಿಯಲ್ಲಿ ಮುಕ್ಕಳಿಸಿ ಬನ್ನಿ.